ಹೂಂಗುಟ್ಟಪ್ಪನ ಪ್ರಾರ್ಥನೆ

ಎಲ್ಲ ತಾಪತ್ರಯಕ್ಕೂ ಮೂಲ, ಅಮ್ಮ ಬೆಳಗಿನ ಕಾಫಿ ಕೊಡುತ್ತಾ ಆಡಿದ ಒಂದು ಮಾತು.

"ಇವತ್ತು ಸಾಯಂಕಾಲದ ಪ್ರಾರ್ಥನೆ ನೀನೇ ಮಾಡ್ಬೇಕು ಕಣೋ," ಎಂದಳು.

ಮಗ "ಹೂಂ" ಎಂದುಬಿಟ್ಟ. ಅದು ಒಪ್ಪಿಗೆಯಲ್ಲ, ಅಭ್ಯಾಸ. ಐವತ್ತೆರಡು ವರ್ಷದ ಬಾಳಿನಲ್ಲಿ ಅವನು ಯಾವ ಪ್ರಶ್ನೆಗೂ ಅದಕ್ಕಿಂತ ಉದ್ದದ ಉತ್ತರ ಕೊಟ್ಟವನಲ್ಲ. ಊಟ ಆಯ್ತಾ? ಹೂಂ. ಕೆಲಸಕ್ಕೆ ಸೇರ್ತೀಯಾ? ಹೂಂ. ಹುಡುಗಿ ಒಪ್ಪಿಗೆಯಾ? ಹೂಂ. ಪಾಸ್ಟರು ಮದುವೆಯ ದಿನ ಪೀಠದ ಮುಂದೆ ನಿಲ್ಲಿಸಿ ಕೇಳಿದ ಗಂಭೀರವಾದ ಪ್ರಶ್ನೆಗೂ ಅವನು ಅಷ್ಟೇ ಹೇಳಿದ್ದರಿಂದ, ಮತ್ತೊಮ್ಮೆ ಸರಿಯಾಗಿ ಹೇಳಿಸಬೇಕಾಯಿತಂತೆ. ಬೀದಿಯವರು ಅವನಿಗೆ ಹೂಂಗುಟ್ಟಪ್ಪ ಎಂದು ಹೆಸರಿಟ್ಟು ಕಾಲವಾಗಿದೆ. ನಿಜವಾದ ಹೆಸರು ಚರ್ಚಿನ ರಿಜಿಸ್ಟರಿನಲ್ಲಿ ಮಾತ್ರ ಉಳಿದುಕೊಂಡಿತ್ತು.

ಹೂಂ ಎಂದ ಮೇಲೆ, ತಾನು ಒಪ್ಪಿಕೊಂಡದ್ದು ಏನು ಎಂಬುದು ಹೊಳೆಯಿತು.

"ನಾನಾ? ಭಾವ ಇದ್ದಾರಲ್ಲಮ್ಮ?"

"ಭಾವ ಪ್ರತಿವರ್ಷ ಇದ್ದೇ ಇರ್ತಾರೆ. ಈ ಸಲ ನೀನು ಮಾಡು. ಇವತ್ತಿಗೆ ಎಂಬತ್ತು ತುಂಬಿತು ನನಗೆ. ಬಟ್ಟೆ ತರಬೇಡಿ, ಹೂ ತರಬೇಡಿ. ನನಗೆ ಬೇಕಾಗಿರೋದು ಇದೊಂದೇ. ನೀನು ಹೇಗೆ ಮಾತಾಡ್ತೀಯೋ ಹಾಗೇ ಮಾಡು, ಸಾಕು."

ಇಷ್ಟು ಹೇಳಿ ಅಮ್ಮ ಅಡುಗೆಮನೆಗೆ ಹೋದಳು. ಆ ದಿನ ಸೂಪು ಮಾಡುವವಳು ಅವಳೇ, ಬೇರೆ ಯಾರೂ ಸೌಟು ಮುಟ್ಟಕೂಡದು ಎಂದು ಸೊಸೆಗೆ ಹಿಂದಿನ ದಿನವೇ ಅಪ್ಪಣೆಯಾಗಿತ್ತು.

ಆ ಮನೆಯಲ್ಲಿ ಪ್ರಾರ್ಥನೆ ಎಂದರೆ ಏನು ಎಂದು ತಿಳಿಯದವರಿಗೆ ಹೂಂಗುಟ್ಟಪ್ಪನ ಗಾಬರಿ ಅರ್ಥವಾಗುವುದಿಲ್ಲ. ಅವರ ಸಭೆಯಲ್ಲಿ ಪುಸ್ತಕ ನೋಡಿ ಪ್ರಾರ್ಥನೆ ಓದುವ ಪದ್ಧತಿಯಿಲ್ಲ. ಎದ್ದು ನಿಂತು, ಕಣ್ಣು ಮುಚ್ಚಿ, ಹೃದಯದಿಂದ ಬಂದದ್ದನ್ನು ಗಟ್ಟಿಯಾಗಿ ಹೇಳಬೇಕು. ಹೃದಯದಿಂದ ಬಂದದ್ದಾದರೂ ಅದು ಒಂದು ಕ್ರಮದಲ್ಲಿ ಬರಬೇಕು, ಪರಲೋಕದ ತಂದೆಯೇ ಎಂದು ಶುರುವಾಗಿ ಯೇಸುವಿನ ನಾಮದಲ್ಲಿ ಮುಗಿಯಬೇಕು. ಆಮೆನ್ ಆಗುವವರೆಗೆ ಯಾರೂ ಕಣ್ಣು ತೆರೆಯುವಂತಿಲ್ಲ, ಊಟದ ತಟ್ಟೆ ಮುಟ್ಟುವಂತಿಲ್ಲ. ಸತ್ತುಹೋದ ಅಪ್ಪ ಇದರಲ್ಲಿ ಎತ್ತಿದ ಕೈ. ಪ್ರತಿ ಸಂಜೆ ಮೇಜಿನ ತಲೆಯ ಕಡೆ ಕುರ್ಚಿಯ ಬೆನ್ನು ಹಿಡಿದು ನಿಂತರೆ ಲೋಕದ ಸೃಷ್ಟಿಯಿಂದ ಹೊರಟು ಪಕ್ಕದ ಮನೆಯವರ ಕೆಮ್ಮಿನವರೆಗೆ ಎಲ್ಲವನ್ನೂ ಮುಟ್ಟಿ ಬರುತ್ತಿದ್ದರು. ನಲವತ್ತು ನಿಮಿಷ. ಅಷ್ಟು ಹೊತ್ತೂ ಅಮ್ಮ ಅವರ ಪಕ್ಕದಲ್ಲಿ, ಪಾತ್ರೆಯ ಮುಚ್ಚಳದ ಮೇಲೆ ಒಂದು ಕೈಯಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆ ಭಕ್ತಿಯನ್ನು ಬೀದಿಯೆಲ್ಲ ಕೊಂಡಾಡುತ್ತಿತ್ತು.

ಅಂಥ ಅಪ್ಪನ ಜಾಗದಲ್ಲಿ ಈಗ ತಾನು ನಿಲ್ಲಬೇಕು. ಹೂಂಗುಟ್ಟಪ್ಪ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅವನಿಗೆ ಅಮ್ಮ ಎಂದರೆ ಪ್ರಾಣ. ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಇದೇ ಮೊದಲು, ಅದೂ ಅವನಿಗೆ ಬಾರದ ಏಕೈಕ ವಿದ್ಯೆಯನ್ನೇ.

ಕೆಲಸಕ್ಕೆಂದು ಹೊರಟರೆ ಗೇಟಿನಲ್ಲೇ ಪಕ್ಕದ ಮನೆಯ ನರ್ಸಕ್ಕ ಹಿಡಿದಳು. ಆಸ್ಪತ್ರೆಯಿಂದ ನಿವೃತ್ತಳಾಗಿ ಹತ್ತು ವರ್ಷವಾಗಿದ್ದರೂ ಇಡೀ ಬೀದಿಯನ್ನು ಇನ್ನೂ ವಾರ್ಡಿನಂತೆಯೇ ನೋಡಿಕೊಳ್ಳುತ್ತಿದ್ದ ಹೆಂಗಸು ಅವಳು. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಏನಪ್ಪಾ, ಇವತ್ತು ನಿನ್ನ ಪ್ರಾರ್ಥನೆಯಂತೆ? ಹೆದರಬೇಡ. ಮೊದಲು ಸ್ತೋತ್ರ. ರಾತ್ರಿ ನಿದ್ದೆ ಕೊಟ್ಟದ್ದಕ್ಕೆ ಸ್ತೋತ್ರ, ಬೆಳಗ್ಗೆ ಎಬ್ಬಿಸಿದ್ದಕ್ಕೆ ಸ್ತೋತ್ರ. ಒಂದೊಂದಾಗಿ ಹೇಳು, ಅವಸರ ಮಾಡಬೇಡ. ಆಮೇಲೆ ಕಾಯಿಲೆಯವರು. ಯಾರನ್ನೂ ಬಿಡಬೇಡ, ಬಿಟ್ಟರೆ ಮನಸ್ಸಿಗೆ ನೋವು ಮಾಡ್ಕೋತಾರೆ. ಬರ್ಕೋ."

"ಹೂಂ," ಎಂದು ಜೇಬು ತಡಕಿದ. ಸಿಕ್ಕಿದ್ದು ಲೆನ್ಸಿನ ಕವರು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಹಿಂದಿನ ಕೋಣೆಯಲ್ಲಿ ಚಕ್ರದ ಮುಂದೆ ಕೂತು, ಬಂದ ಗಾಜುಗಳ ಅಂಚನ್ನು ಫ್ರೇಮಿಗೆ ಸರಿಯಾಗಿ ಸವೆಸುವುದು ಅವನ ಕೆಲಸ. ಪ್ರತಿ ಜೊತೆ ಗಾಜೂ ಅಂಗೈಯಗಲದ ಕಾಗದದ ಕವರಿನಲ್ಲಿ ಬರುತ್ತದೆ. ಅದರ ಮೇಲೆ ಗಿರಾಕಿಯ ಬಲಗಣ್ಣೆಷ್ಟು, ಎಡಗಣ್ಣೆಷ್ಟು ಎಂದು ಬರೆದಿರುತ್ತದೆ. ಖಾಲಿ ಕವರುಗಳು ಅವನ ಜೇಬಿನಲ್ಲಿ ಯಾವಾಗಲೂ ನಾಲ್ಕಾರು ಇರುತ್ತವೆ.

ನರ್ಸಕ್ಕ ಹದಿನಾಲ್ಕು ಜನರ ಹೆಸರು ಬರೆಸಿದಳು, ಕಾಯಿಲೆ ಸಮೇತ. ಕೊನೆಗೆ, "ನನ್ನ ಮೊಣಕಾಲು ಎರಡನ್ನೂ ಬೇರೆಬೇರೆಯಾಗಿ ಹೇಳು. ಎಡಗಡೇದು ಜಾಸ್ತಿ ನೋವು," ಎಂದಳು.

ಅಂಗಡಿಗೆ ಬಂದರೆ ಕೌಂಟರಿನಲ್ಲಿ ಕೂರುವ ಗೆಳೆಯ ಅವನ ಮುಖ ನೋಡಿಯೇ ವಿಷಯ ಹೊರಡಿಸಿದ. ಅವನು ಬೇರೆ ಸಭೆಯವನು. ಅಲ್ಲಿ ಎಲ್ಲರೂ ಒಟ್ಟಿಗೇ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಾರೆ, ಚಪ್ಪಾಳೆಯೂ ಇರುತ್ತದೆ.

"ಇಷ್ಟಕ್ಕೆ ಯಾಕಪ್ಪಾ ಒದ್ದಾಡ್ತೀಯ? ಗುಟ್ಟು ಒಂದೇ. ನಿಲ್ಲಿಸಬಾರದು. ಮಾತು ಸಿಗಲಿಲ್ಲ ಅಂದ್ರೆ 'ಹೌದು ಕರ್ತನೇ' ಅನ್ನು. ಮತ್ತೂ ಸಿಗಲಿಲ್ಲ ಅಂದ್ರೆ ಇನ್ನೂ ಗಟ್ಟಿಯಾಗಿ 'ಹೌದು ಕರ್ತನೇ' ಅನ್ನು. ಕೇಳೋರಿಗೆ ನೀನು ಯೋಚನೆ ಮಾಡ್ತಿದ್ದೀಯ ಅಂತ ಗೊತ್ತಾಗಲ್ಲ, ಆತ್ಮ ತುಂಬಿ ಬಂದಿದೆ ಅಂದ್ಕೋತಾರೆ."

ಹೂಂಗುಟ್ಟಪ್ಪ ಅದನ್ನೂ ಬರೆದುಕೊಂಡ.

ಹನ್ನೊಂದು ಗಂಟೆಗೆ ಪಾಸ್ಟರೇ ಬಂದರು. ಅವರ ಕನ್ನಡಕದ ಒಂದು ಕಾಲು ಸಡಿಲವಾಗಿ, ಬೋಧನೆಯ ನಡುವೆ ಜಾರುತ್ತಿತ್ತು. ಹೂಂಗುಟ್ಟಪ್ಪ ಸಣ್ಣ ಸ್ಕ್ರೂ ಬಿಗಿ ಮಾಡುತ್ತಾ, ತಲೆ ಎತ್ತದೆ, ವಿಷಯ ಹೇಳಿದ. ಪಾಸ್ಟರಿಗೆ ಬಹಳ ಸಂತೋಷವಾಯಿತು.

"ಪ್ರಾರ್ಥನೆಗೆ ಐದು ಅಂಗ," ಎಂದು ಬೆರಳು ಮಡಿಸಿದರು. "ಆರಾಧನೆ, ಪಾಪದ ಅರಿಕೆ, ಸ್ತೋತ್ರ, ಬೇಡಿಕೆ, ಸಮರ್ಪಣೆ. ಒಂದನ್ನೂ ಬಿಡಬೇಡಿ. ಬೇಡಿಕೆಗೆ ಮುಂಚೆ ಅರಿಕೆ ಬರಬೇಕು, ತಪ್ಪು ಒಪ್ಪಿಕೊಳ್ಳದೆ ಕೈ ಚಾಚೋದು ಚೆನ್ನಾಗಿರಲ್ಲ. ಆಮೇಲೆ ಇನ್ನೊಂದು. ಊಟದ ಪ್ರಾರ್ಥನೆಯನ್ನ ಇದರಲ್ಲಿ ಸೇರಿಸಬೇಡಿ. ಅದು ಬೇರೆ."

"ಹೂಂ."

"ಮುಖ್ಯವಾಗಿ, ಚೀಟಿ ನೋಡಿ ಓದಬೇಡಿ. ಹೃದಯದಿಂದ ಬರಬೇಕು."

ಹೂಂಗುಟ್ಟಪ್ಪ ಇದನ್ನೂ ಚೀಟಿಯಲ್ಲಿ ಬರೆದುಕೊಂಡ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಭಾವ ಬಂದರು. ಅಕ್ಕನ ಗಂಡ, ನಿವೃತ್ತ ಹೆಡ್‌ಮಾಸ್ಟರು, ಸಭೆಯ ಹಿರಿಯರು. ಅಪ್ಪ ಹೋದ ಮೇಲೆ ಈ ಮನೆಯ ಸಂಜೆಗಳಿಗೂ ವಿಶೇಷಗಳಿಗೂ ಅವರದೇ ಪ್ರಾರ್ಥನೆ. ಈ ವರ್ಷ ತಪ್ಪಿಹೋದದ್ದು ಅವರಿಗೆ ಒಳಗೊಳಗೇ ಚುಚ್ಚಿತ್ತು. ಅದನ್ನು ಹೇಳಿಕೊಳ್ಳುವಂತಿರಲಿಲ್ಲ, ಏಕೆಂದರೆ ಪ್ರಾರ್ಥನೆಯ ಮೇಲೆ ಆಸೆಪಡುವುದು ಹಿರಿಯರಿಗೆ ಶೋಭೆಯಲ್ಲ. ಆದ್ದರಿಂದ ಸಹಾಯ ಮಾಡಲು ಬಂದಿದ್ದರು.

"ನೋಡಪ್ಪಾ, ನಿಮ್ಮಮ್ಮನಿಗೆ ಯಾಕೆ ಹೀಗೆ ಅನ್ನಿಸ್ತೋ ನನಗೆ ಗೊತ್ತಿಲ್ಲ. ಆದರೆ ಅವರ ಮನಸ್ಸು ನೀನು ಅರ್ಥಮಾಡ್ಕೋಬೇಕು. ನಲವತ್ತು ವರ್ಷ ನಿಮ್ಮಪ್ಪನ ಪ್ರಾರ್ಥನೆ ಕೇಳಿದ ಕಿವಿ ಅದು. ಒಂದೇ ಮಾತು ಎರಡು ಸಲ ಬಂದದ್ದಿಲ್ಲ. ಅವರು ಇವತ್ತು ನಿನ್ನ ಬಾಯಲ್ಲಿ ನಿಮ್ಮಪ್ಪನ್ನ ಕೇಳಬೇಕು ಅಂತಿದ್ದಾರೆ. ಎರಡು ನಿಮಿಷಕ್ಕೆ ಆಮೆನ್ ಅಂದುಬಿಟ್ರೆ ಆ ಮುದಿಜೀವ ಎಷ್ಟು ನೊಂದುಕೊಳ್ಳುತ್ತೆ ಯೋಚನೆ ಮಾಡು."

ಹೂಂಗುಟ್ಟಪ್ಪ ಊಟದ ಡಬ್ಬಿ ಮುಚ್ಚಿಟ್ಟ. ಹೌದಲ್ಲ, ಇದು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಅವನ ಕಣ್ಣು ತುಂಬಿತು. ಅಮ್ಮ ಅಪ್ಪನನ್ನು ಕೇಳುತ್ತಿದ್ದಾಳೆ. ಪಾಪ, ನೇರವಾಗಿ ಹೇಳಲಾರದೆ ನೀನು ಹೇಗೆ ಮಾತಾಡ್ತೀಯೋ ಹಾಗೇ ಮಾಡು ಎಂದಿದ್ದಾಳೆ.

"ಶುರು ಮಾಡೋದು ಸುಲಭ," ಎಂದರು ಭಾವ. "ಮುಗಿಸೋದೇ ಕಷ್ಟ. ಸುಮ್ಮನೆ ಆಮೆನ್ ಅಂದ್ರೆ ಓಡುವ ಬಸ್ಸಿನಿಂದ ಹಾರಿದ ಹಾಗೆ. ಮೆಲ್ಲಗೆ ಇಳಿಸಬೇಕು. ಬರ್ಕೋ. 'ಕೇಳಲು ಮರೆತದ್ದನ್ನೂ ನೀನೇ ಅರಿತು ದಯಪಾಲಿಸು. ಈ ಚಿಕ್ಕ ಪ್ರಾರ್ಥನೆಯನ್ನು ನಿನ್ನ ಪ್ರಿಯಕುಮಾರನ ನಾಮದಲ್ಲಿ ಸಮರ್ಪಿಸುತ್ತೇವೆ ತಂದೆಯೇ.' ಎಷ್ಟೇ ಉದ್ದ ಆಗಿದ್ರೂ ಚಿಕ್ಕ ಪ್ರಾರ್ಥನೆ ಅಂತಲೇ ಹೇಳಬೇಕು. ಅದು ಮರ್ಯಾದೆ."

ಭಾವ ಹೋದ ಮೇಲೆ ಹೂಂಗುಟ್ಟಪ್ಪ ಚಕ್ರ ನಿಲ್ಲಿಸಿ, ಎದುರಿಗೆ ಕವರುಗಳನ್ನು ಹರಡಿಕೊಂಡು ಕೂತ. ಬಾಯಿಪಾಠ ಮಾಡಿ ನೋಡಿದ, ಎರಡನೆಯ ವಾಕ್ಯಕ್ಕೇ ನಾಲಿಗೆ ತೊಡರಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಕಣ್ಣೂ ಮುಚ್ಚಿರುತ್ತದೆ. ತಾನು ಚೀಟಿ ನೋಡಿ ಓದಿದರೆ ಯಾರಿಗೆ ತಿಳಿಯುತ್ತದೆ? ಯಾರಾದರೂ ನೋಡಿದರೂ ನೋಡಿದೆ ಎಂದು ಹೇಳುವಂತಿಲ್ಲ, ಹೇಳಿದರೆ ಪ್ರಾರ್ಥನೆಯಲ್ಲಿ ಕಣ್ಣು ತೆರೆದವರು ಅವರೇ ಆಗುತ್ತಾರೆ. ತನ್ನ ಬುದ್ಧಿಗೆ ತಾನೇ ಬೆರಗಾಗಿ, ಅವನು ಐದು ಅಂಗಗಳನ್ನು ಐದು ಕವರಿನ ಹಿಂದೆ ಮುತ್ತು ಪೋಣಿಸಿದಂತೆ ಬರೆದ. ಅರಿಕೆಯ ಕವರಿನಲ್ಲಿ ತನ್ನ ಕಸುಬಿಗೆ ತಕ್ಕ ಹಾಗೆ ಒಂದು ಸ್ವಂತ ವಾಕ್ಯವನ್ನೂ ಸೇರಿಸಿದ: ನಮ್ಮ ಕಣ್ಣುಗಳು ನೋಡಬಾರದ್ದನ್ನು ನೋಡಿವೆ, ಕ್ಷಮಿಸು.

ನಾಲ್ಕು ಗಂಟೆಗೆ ಹೊರಗೆ ಕೌಂಟರಿನಲ್ಲಿ ಗಲಾಟೆ. ಲೈಬ್ರರಿಯ ಮೇಡಂ ಓದುವ ಕನ್ನಡಕ ತೆಗೆದುಕೊಂಡು ಹೋಗಲು ಬಂದಿದ್ದರು. ಹಿಂದಿನ ಕೋಣೆಯ ಮೇಜಿನಿಂದ ಗೆಳೆಯ ಕನ್ನಡಕವನ್ನೂ ಪಕ್ಕದಲ್ಲಿದ್ದ ಕವರನ್ನೂ ಎತ್ತಿಕೊಂಡು ಹೋಗಿ ಕೊಟ್ಟಿದ್ದ. ಮೇಡಂ ಹೊಸ ಕನ್ನಡಕ ಹಾಕಿಕೊಂಡು, ಪರೀಕ್ಷೆಗೆಂದು ಕೈಯಲ್ಲಿದ್ದ ಕವರನ್ನೇ ಓದಿದ್ದರು.

"ಯಾರು ಬರೆದದ್ದು ಇದು?" ಎಂದು ಅವರು ಕೆಂಡವಾಗಿದ್ದರು. "ನನ್ನ ಕಣ್ಣು ಏನು ನೋಡಬಾರದ್ದನ್ನ ನೋಡಿದೆ? ಮೂವತ್ತು ವರ್ಷದಿಂದ ಪುಸ್ತಕ ಬಿಟ್ಟು ಇನ್ನೇನನ್ನೂ ನೋಡಿಲ್ಲ ಇದು!"

ಹೂಂಗುಟ್ಟಪ್ಪ ಓಡಿಬಂದ. ಅರಿಕೆಯನ್ನು ಅವರ ಕೈಯಿಂದ ಕಿತ್ತುಕೊಂಡು, ಇನ್ನೊಂದು ಕೈಯಲ್ಲಿದ್ದ ಕವರುಗಳಿಂದ ಮೇಲಿನದನ್ನು ಅವರದೇ ಎಂದುಕೊಂಡು ಎಳೆದು ಕೊಟ್ಟುಬಿಟ್ಟ. ಮೇಡಂ ಅದರ ಕಡೆ ನೋಡಲೂ ಇಲ್ಲ. ಬ್ಯಾಗಿಗೆ ತುರುಕಿಕೊಂಡು, "ಕನ್ನಡಕ ಮಾತ್ರ ಚೆನ್ನಾಗಿದೆ," ಎಂದು ಸಿಟ್ಟಿನಿಂದಲೇ ಹೊರಟುಹೋದರು.

ಬದುಕಿದೆಯಾ ಬಡಜೀವವೇ ಎಂದು ಹೂಂಗುಟ್ಟಪ್ಪ ಉಳಿದ ಕವರುಗಳನ್ನೆಲ್ಲ ಜೇಬಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದ.

ಮನೆಯಲ್ಲಿ ಮೇಜಿಗೆ ನರ್ಸಕ್ಕನ ಮನೆಯ ಮೇಜನ್ನೂ ಜೋಡಿಸಿ ಬಿಳಿಯ ಬಟ್ಟೆ ಹಾಸಿದ್ದರು. ಹದಿನೆಂಟು ಜನ ಸೇರಿದ್ದರು. ನಡುವೆ ದೊಡ್ಡ ಪಾತ್ರೆ, ಮುಚ್ಚಳದ ಸಂದಿಯಿಂದ ಸೂಪಿನ ಹಬೆ ಏಳುತ್ತಿತ್ತು. ಮೆಣಸಿನ ಘಮಕ್ಕೆ ಪಾಸ್ಟರು ಎರಡು ಸಲ ಮೂಗು ಅರಳಿಸಿ, ಮತ್ತೆ ಗಂಭೀರವಾದರು. ಅಮ್ಮ ತನ್ನ ಎಂದಿನ ಜಾಗದಲ್ಲಿ ಪಾತ್ರೆಯ ಪಕ್ಕ ಕೂತಿದ್ದಳು. ಅವಳ ಮುಖದಲ್ಲಿ ಹಬ್ಬದ ಬೆಳಿಗ್ಗೆ ಕಾಯುವ ಮಕ್ಕಳ ಮುಖದಲ್ಲಿರುವಂಥ ಕಳೆ ಇತ್ತು. ಅದನ್ನು ನೋಡಿ ಹೂಂಗುಟ್ಟಪ್ಪ ಜೇಬಿನ ಕವರುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡ. ಎಷ್ಟು ಆಸೆಯಿಟ್ಟುಕೊಂಡಿದ್ದಾಳೆ!

"ರೀ," ಎಂದು ಹೆಂಡತಿ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಅತ್ತೆ ನಾಲ್ಕು ಸಲ ಗಡಿಯಾರ ನೋಡಿದ್ರು. ನೀವು ಬೇಗ..."

"ಹೂಂ, ಹೂಂ," ಎಂದ ಅವನು, ಬೇಗ ಶುರು ಮಾಡಿ ಎನ್ನುತ್ತಿದ್ದಾಳೆ ಎಂದುಕೊಂಡು.

ಒಂದು ಗೀತೆ ಹಾಡಿದ್ದಾಯಿತು. ಗಡಿಯಾರ ಆರೂ ಐದು ತೋರಿಸುತ್ತಿದ್ದಾಗ ಅವನು ಎದ್ದು, ಅಪ್ಪನ ಕುರ್ಚಿಯ ಬೆನ್ನನ್ನು ಎಡಗೈಯಲ್ಲಿ ಹಿಡಿದ. ಬಲಗೈಯಲ್ಲಿ ಕವರುಗಳು. ಹದಿನೆಂಟು ತಲೆಗಳು ಬಾಗಿದವು, ಮೂವತ್ತಾರು ಕಣ್ಣುಗಳು ಮುಚ್ಚಿದವು. ಅಮ್ಮ ಮುಚ್ಚಳದ ಮೇಲೆ ಕೈಯಿಟ್ಟಳು.

"ಪರಲೋಕದ ತಂದೆಯೇ," ಎಂದ ಹೂಂಗುಟ್ಟಪ್ಪ. ಸ್ವರ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಪರಿಶುದ್ಧನೂ, ಸರ್ವಶಕ್ತನೂ, ಆದಿ ಅಂತ್ಯ ಇಲ್ಲದವನೂ ಆದ ದೇವರೇ..."

ಕವರು ಕೈಕೊಡಲಿಲ್ಲ. ಆರಾಧನೆ ಮುಗಿಯಿತು. ಅರಿಕೆಯಲ್ಲಿ ಕಣ್ಣುಗಳ ವಾಕ್ಯ ಬಂದಾಗ ಮೇಜಿನ ಕೊನೆಯಿಂದ ಯಾರೋ ಭಾರವಾಗಿ ಉಸಿರುಬಿಟ್ಟರು. ಅವನಿಗೆ ಧೈರ್ಯ ಬಂತು. ಸ್ತೋತ್ರಗಳನ್ನು ಒಂದೊಂದಾಗಿ ಸಲ್ಲಿಸಿದ. ನಿದ್ದೆಗೆ, ಎಚ್ಚರಕ್ಕೆ, ಗಾಳಿಗೆ, ಬೆಳಕಿಗೆ, ನಡೆಯುವ ಕಾಲಿಗೆ. ಮಾತು ತಡವರಿಸಿದಲ್ಲೆಲ್ಲ "ಹೌದು ಕರ್ತನೇ" ಎಂದ. ಗೆಳೆಯ ಹೇಳಿದ್ದು ನಿಜವಾಗಿತ್ತು, ಅವನು ಹಾಗೆ ಅಂದಾಗಲೆಲ್ಲ ಸುತ್ತಲಿನಿಂದ "ಆಮೆನ್" ಎಂದು ತುಂಬಿದ ಸ್ವರಗಳು ಏಳುತ್ತಿದ್ದವು. ಆಮೇಲೆ ಹದಿನಾಲ್ಕು ರೋಗಿಗಳು. ನರ್ಸಕ್ಕನ ಮೊಣಕಾಲುಗಳನ್ನು ಮೊದಲು ಎಡ, ಆಮೇಲೆ ಬಲ ಎಂದು ಹೇಳಿದಾಗ ನರ್ಸಕ್ಕ ಮೂಗು ಸೊರಸೊರ ಎಳೆದಳು.

ಮುಂದಿನ ಕವರು ತೆಗೆದು ಅದೇ ಓಘದಲ್ಲಿ ಓದಿದ.

"ಬಲಗಣ್ಣಿಗೆ ಪ್ಲಸ್ ಎರಡೂವರೆ, ಕರ್ತನೇ. ಎಡಗಣ್ಣಿಗೆ ಪ್ಲಸ್ ಎರಡೂ ಮುಕ್ಕಾಲು. ಫ್ರೇಮು ಕಂದು..."

ಓದಿದ ಮೇಲೆ ತಿಳಿಯಿತು. ಲೈಬ್ರರಿಯ ಮೇಡಂ ಕವರು! ಹಾಗಾದರೆ ಅವರ ಬ್ಯಾಗಿಗೆ ಹೋದದ್ದು ಯಾವುದು? "ಆಮೆನ್," ಎಂದರು ಮೂಲೆಯಿಂದ ಯಾರೋ ಬಹಳ ನಂಬಿಕೆಯಿಂದ, ಪ್ರಾಯಶಃ ಕಣ್ಣು ಮಂಜಾದವರು. ಭಾವ ಮಾತ್ರ ಒಂದು ಕಣ್ಣು ತೆರೆದರು. ಹೂಂಗುಟ್ಟಪ್ಪನ ಕಣ್ಣೂ ತೆರೆದಿತ್ತು. ಎರಡು ಕಣ್ಣುಗಳು ಸಂಧಿಸಿದವು. ಇಬ್ಬರೂ ಕಳ್ಳರು, ದೂರು ಕೊಡುವುದು ಯಾರ ಮೇಲೆ ಯಾರು? ಎರಡೂ ಥಟ್ಟನೆ ಮುಚ್ಚಿಕೊಂಡವು.

ಬೇಡಿಕೆಯ ಕವರು ಸಿಕ್ಕಿತು. ಅದೂ ಮುಗಿಯಿತು. ಅಲ್ಲಿಗೆ ಕೈ ಖಾಲಿ. ಅವನು ಜೇಬಿನೊಳಗೆ ಬೆರಳಾಡಿಸಿದ. ಸಮರ್ಪಣೆ ಇರಲಿಲ್ಲ. ಭಾವ ಬರೆಸಿದ, ಮೆಲ್ಲಗೆ ಇಳಿಸುವ ಆ ಕೊನೆಯ ಮಾತುಗಳು ಲೈಬ್ರರಿಯ ಮೇಡಂ ಬ್ಯಾಗಿನಲ್ಲಿ ಕೂತು ಊರ ಇನ್ನೊಂದು ತುದಿಗೆ ಹೋಗಿಬಿಟ್ಟಿದ್ದವು.

ಸುಮ್ಮನೆ ಆಮೆನ್ ಎನ್ನಬಹುದಿತ್ತು. ಆದರೆ ಅಮ್ಮ ಅಪ್ಪನನ್ನು ಕೇಳುತ್ತಿದ್ದಾಳಲ್ಲ. ಅಪ್ಪ ಎಂದಾದರೂ ಬಸ್ಸಿನಿಂದ ಹಾರಿದ್ದುಂಟೇ? "ಹೌದು ಕರ್ತನೇ," ಎಂದ. "ಹೌದು ಕರ್ತನೇ," ಎಂದು ಇನ್ನೂ ಗಟ್ಟಿಯಾಗಿ ಹೇಳಿದ. ಆಮೇಲೆ ದಿಕ್ಕು ತೋಚದೆ, ಅರೆತೆರೆದ ಕಣ್ಣಿಗೆ ಕಂಡದ್ದಕ್ಕೆಲ್ಲ ಸ್ತೋತ್ರ ಸಲ್ಲಿಸತೊಡಗಿದ. ಈ ಮೇಜಿಗಾಗಿ ಸ್ತೋತ್ರ. ಈ ಕಿಟಕಿಗಾಗಿ ಸ್ತೋತ್ರ. ಕಿಟಕಿಯ ಪರದೆಗಾಗಿಯೂ. ಗೋಡೆಯ ಗಡಿಯಾರಕ್ಕಾಗಿ ಸ್ತೋತ್ರ ಎನ್ನುವಾಗ ಅದು ಆರೂ ನಲವತ್ತೆಂಟು ತೋರಿಸುತ್ತಿತ್ತು. ಪಾಸ್ಟರು ಕಾಲು ಬದಲಿಸಿದರು. ಯಾರದೋ ಹೊಟ್ಟೆ ಗುರ್ ಎಂದಿತು.

ಹೀಗೆ ಕೋಣೆಯನ್ನೆಲ್ಲ ಸುತ್ತಿ ಬಂದ ಅವನ ಕಣ್ಣು ಕೊನೆಗೆ ಅಮ್ಮನ ಕೈಯ ಮೇಲೆ ಬಿತ್ತು. ಮುಚ್ಚಳದ ಮೇಲಿದ್ದ ಆ ಕೈ. ಅದರ ಚರ್ಮ ಎಷ್ಟು ತೆಳ್ಳಗಾಗಿದೆ, ಉಂಗುರ ಎಷ್ಟು ಸಡಿಲವಾಗಿದೆ ಎಂದು ಅವನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಮುಚ್ಚಳದ ಸಂದಿಯಿಂದ ಹಬೆ ಬರುವುದು ಯಾವಾಗಲೋ ನಿಂತುಹೋಗಿತ್ತು, ಅದನ್ನೂ ಗಮನಿಸಲಿಲ್ಲ. ಕವರು, ಕ್ರಮ, ಅಂಗ ಎಲ್ಲ ಮರೆತುಹೋಯಿತು.

"ಅಮ್ಮ ಇನ್ನೂ ಸ್ವಲ್ಪ ದಿನ ಇರಲಿ ದೇವರೇ," ಎಂದ ಹೂಂಗುಟ್ಟಪ್ಪ. "ಅವಳಿಲ್ಲದೆ ಇರೋದು ನನಗೆ ಬರಲ್ಲ. ಯೇಸುವಿನ ನಾಮದಲ್ಲಿ ಕೇಳ್ತೀನಿ. ಆಮೆನ್."

ಹದಿನೆಂಟು ಬಾಯಿಗಳಿಂದ ಬಂದ ಆಮೆನ್‌ಗೆ ತಟ್ಟೆಗಳು ನಡುಗಿದವು.

"ನಲವತ್ತಾರು ನಿಮಿಷ!" ಎಂದಳು ನರ್ಸಕ್ಕ ತನ್ನ ಕೈಗಡಿಯಾರ ನೋಡಿಕೊಂಡು. "ನಿಮ್ಮಪ್ಪನ್ನೇ ಮೀರಿಸಿಬಿಟ್ಟೆಯಲ್ಲಪ್ಪಾ! ಕಣ್ಣಿನ ಕಾಯಿಲೆಯವರನ್ನ ನಂಬರು ಸಮೇತ ನೆನೆಸಿದ್ದು ನಾನು ಎಲ್ಲೂ ಕೇಳಿಲ್ಲ."

ಪಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಂಥ ವರ ಇಟ್ಟುಕೊಂಡು ಇಷ್ಟು ವರ್ಷ ಸುಮ್ಮನಿದ್ದಿರಲ್ಲ! ಇನ್ನು ಮೇಲೆ ಪ್ರತಿ ಬುಧವಾರದ ಮನೆಕೂಟದ ಪ್ರಾರ್ಥನೆ ನಿಮ್ಮದೇ. ಆಗಬಹುದಾ?"

"ಹೂಂ," ಎಂದುಬಿಟ್ಟ ಹೂಂಗುಟ್ಟಪ್ಪ. ಏನು ಹೇಳಿದೆ ಎಂದು ಹೊಳೆಯುವಷ್ಟರಲ್ಲಿ ಪಾಸ್ಟರು ಡೈರಿ ತೆಗೆದು ಬರೆದುಕೊಂಡಾಗಿತ್ತು.

ಆದರೆ ಅವನಿಗೆ ಬೇಕಾಗಿದ್ದುದು ಒಬ್ಬಳ ಮೆಚ್ಚಿಗೆ ಮಾತ್ರ. ಅಮ್ಮನ ಪಕ್ಕದಲ್ಲಿ ಬಂದು ಬಗ್ಗಿದ.

"ಅಮ್ಮಾ, ಅಪ್ಪನ ಹಾಗೇ ಇತ್ತಾ?"

"ಹೂಂ," ಎಂದಳು ಅಮ್ಮ.

ಆ ಹೂಂ ಸರಿಯಾಗಿರಲಿಲ್ಲ. ಹೂಂಗಳ ವಿಷಯದಲ್ಲಿ ಅವನಿಗಿಂತ ತಿಳಿದವರಿಲ್ಲ. ಅಮ್ಮ ಮುಚ್ಚಳ ಎತ್ತಿ ತೋರಿಸಿದಳು. ಸೂಪಿನ ಮೇಲೆ ಕೊಬ್ಬು ತೆಳ್ಳಗೆ ಕೆನೆಗಟ್ಟಿತ್ತು.

"ನಿಮ್ಮಪ್ಪನ ಹಾಗೇ ಇತ್ತು ಕಣೋ," ಎಂದಳು ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ. "ಮದುವೆಯಾಗಿ ಬಂದಾಗಿನಿಂದ ಈ ಮನೇಲಿ ಸಾಯಂಕಾಲದ ಹೊತ್ತು ಬಿಸಿ ಊಟ ಮಾಡಿದ್ದು ನನಗೆ ನೆನಪಿಲ್ಲ. ಮಾಡೋಳು ನಾನೇ, ತಣ್ಣಗೆ ತಿನ್ನೋಳೂ ನಾನೇ. ದೇವರ ಕೆಲಸ, ಬಾಯಿಬಿಟ್ಟು ಹೇಳೋದು ಹೇಗೆ? ಮುಚ್ಚಳ ತಣ್ಣಗಾಗೋದು ಕೈಗೆ ತಿಳೀತಾ ಇರ್ತಿತ್ತು, ಸುಮ್ನೆ ನಿಂತಿರ್ತಿದ್ದೆ. ಅವರಾದ ಮೇಲೆ ನಿಮ್ಮ ಭಾವ. ಈ ಮನೇಲಿ ಕಡಿಮೆ ಮಾತಾಡೋನು ನೀನೊಬ್ಬನೇ. ನೀನಾದ್ರೆ ಎರಡು ಮಾತು ಹೇಳಿ ಆಮೆನ್ ಅಂತೀಯ, ಎಂಬತ್ತನೇ ವರ್ಷಕ್ಕಾದ್ರೂ ಒಂದು ಸಲ ಬಿಸಿಬಿಸಿ ಸೂಪು ಕುಡಿಯೋಣ ಅಂದ್ಕೊಂಡಿದ್ದೆ."

ಹೂಂಗುಟ್ಟಪ್ಪನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. "ಒಂದು ಮಾತು ಹೇಳಬಾರದಾಗಿತ್ತೇನಮ್ಮ?"

"ಹೇಳಿದ್ನಲ್ಲೋ. ನೀನು ಹೇಗೆ ಮಾತಾಡ್ತೀಯೋ ಹಾಗೇ ಮಾಡು ಅಂತ." ಅಮ್ಮ ಅವನ ಕೆನ್ನೆ ಮುಟ್ಟಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ಕೊನೇಲಿ ಮೂರು ಮಾತು ಹೇಳಿದೆಯಲ್ಲ, ಅಷ್ಟೇ ಬೇಕಾಗಿದ್ದದ್ದು. ಅದನ್ನೇ ಮೊದಲು ಹೇಳಿದ್ರೆ ಏನಾಗ್ತಿತ್ತು?"

ಅವನು ಪಾತ್ರೆಯನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದ. ಹೆಂಡತಿ ಒಲೆ ಹೊತ್ತಿಸಿಯೇ ನಿಂತಿದ್ದಳು. "ನಾನು ಹೇಳೋಕೆ ಬಂದ್ರೆ ಹೂಂ ಹೂಂ ಅಂದ್ರಲ್ಲ ನೀವು," ಎಂದಷ್ಟೇ ಹೇಳಿದಳು. ಸೂಪು ಕೊತಕೊತ ಕುದಿಯುವವರೆಗೆ ಅವನು ಕದಲಲಿಲ್ಲ. ತಂದು, ಮೊದಲ ಬಟ್ಟಲು ತುಂಬಿ ಅಮ್ಮನ ಮುಂದೆ ಇಟ್ಟ. ಹಬೆ ಅವಳ ಮುಖಕ್ಕೆ ಹೊಡೆಯಿತು. ಎಲ್ಲರಿಗೂ ಬಡಿಸಿ, ತಾನೂ ಒಂದು ಬಟ್ಟಲು ಇಟ್ಟುಕೊಂಡು ಅವಳ ಪಕ್ಕದಲ್ಲಿ ಕೂತ. ಅಮ್ಮ ಚಮಚ ಎತ್ತಿದಳು.

ಅಷ್ಟರಲ್ಲಿ ಭಾವ ಕೆಮ್ಮಿ, ಎದ್ದು ನಿಂತರು.

"ಊಟದ ಪ್ರಾರ್ಥನೆ ಆಗಿಲ್ಲ," ಎಂದರು. "ಎರಡೇ ಮಾತು."

"ಹೌದು, ಹೌದು, ಅದು ಬೇರೆ," ಎಂದರು ಪಾಸ್ಟರು.

ಹದಿನೆಂಟು ತಲೆಗಳು ಮತ್ತೆ ಬಾಗಿದವು. ಭಾವ ದೀರ್ಘವಾಗಿ ಉಸಿರೆಳೆದುಕೊಂಡು, ಭೂಮಿಯ ಮೇಲೆ ಮೊಟ್ಟಮೊದಲ ಕಾಳು ಮೊಳೆತ ದಿನದಿಂದ ಶುರು ಮಾಡಿದರು.

ಹೂಂಗುಟ್ಟಪ್ಪ ಕಣ್ಣು ತೆರೆದು ಪಕ್ಕಕ್ಕೆ ನೋಡಿದ. ಅಮ್ಮನ ಕಣ್ಣೂ ತೆರೆದಿತ್ತು. ಚಮಚ ಅವಳ ಕೈಯಲ್ಲಿ ಇನ್ನೂ ಹಾಗೇ ನಿಂತಿತ್ತು. ಅವಳು ಭಾವನ ಕಡೆ ನೋಡಿದಳು, ಬಟ್ಟಲಿನ ಕಡೆ ನೋಡಿದಳು, ಮಗನ ಕಡೆ ನೋಡಿದಳು. ನೋಡಬೇಡ ಎಂದು ಹುಬ್ಬಿನಲ್ಲೇ ಸನ್ನೆ ಮಾಡಿದಳು. ಅವನು ಕಣ್ಣು ಮುಚ್ಚಿಕೊಂಡ.

ಎಂಬತ್ತು ವರ್ಷದಲ್ಲಿ ಮೊದಲ ಸಲ ಆಮೆನ್‌ಗೆ ಮುಂಚೆ ಅಮ್ಮ ಸೂಪು ಕುಡಿದಳು. ಬಹಳ ಬಿಸಿಯಿತ್ತೆಂದು ಕಾಣುತ್ತದೆ, ಸೊರ್ ಎಂದು ಗಟ್ಟಿಯಾಗಿಯೇ ಸದ್ದಾಯಿತು. ಎದುರಿಗಿದ್ದ ನರ್ಸಕ್ಕನ ತಲೆ ಸ್ವಲ್ಪ ಮೇಲೆದ್ದಿತು.

"ಹೌದು ಕರ್ತನೇ!" ಎಂದು ಹೂಂಗುಟ್ಟಪ್ಪ ಕೋಣೆ ನಡುಗುವಂತೆ ಕೂಗಿದ.

ನರ್ಸಕ್ಕನ ತಲೆ ಮತ್ತೆ ಬಾಗಿತು. ಅಮ್ಮ ಇನ್ನೊಂದು ಚಮಚ ಕುಡಿದಳು. ಅವನು ಮತ್ತೊಮ್ಮೆ ಕೂಗಿದ. ತನ್ನ ಪ್ರಾರ್ಥನೆಗೆ ಇಷ್ಟು ಪ್ರೋತ್ಸಾಹ ಎಂದೂ ಕಾಣದಿದ್ದ ಭಾವ ಉಬ್ಬಿಹೋಗಿ, ಕಾಳು ಬಿಟ್ಟು ಸಮುದ್ರದ ಮೀನುಗಳ ಕಡೆ ತಿರುಗಿದರು. ಅಮ್ಮನ ಬಟ್ಟಲು ಖಾಲಿಯಾಗುವಷ್ಟರಲ್ಲಿ ಅವರಿನ್ನೂ ಆಕಾಶದ ಹಕ್ಕಿಗಳಿಗೆ ಬಂದಿರಲಿಲ್ಲ. ಹೂಂಗುಟ್ಟಪ್ಪ ತನ್ನ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದು ಕೂತಿದ್ದ. ಅದು ತಣ್ಣಗಾಗುತ್ತಿರುವುದು ಅವನ ಕೈಗೆ ಚೆನ್ನಾಗಿ ತಿಳಿಯುತ್ತಿತ್ತು.